ಬಿಹಾರದ ಮಣ್ಣಿಗೆ ಬಂದ ಎರಡು ದಾರಿಗಳು

ನಮ್ಮ ಹಳ್ಳಿಗಳಲ್ಲಿ 'ಮುಯ್ಯಾಳು' ಎಂಬ ಪದ್ಧತಿ ಇತ್ತು. ಕೆಲವು ಕಡೆ ಈಗಲೂ ಇದೆ. ಇವತ್ತು ನಿಮ್ಮ ಗದ್ದೆಯ ನಾಟಿಗೆ ನಾನು ಬಂದರೆ, ನಾಳೆ ನನ್ನ ಗದ್ದೆಗೆ ನೀವು ಬರುತ್ತೀರಿ. ಕೂಲಿಯ ಮಾತಿಲ್ಲ. ಆದರೆ ಮುಯ್ಯಿಯ ಲೆಕ್ಕವನ್ನು ಯಾರೂ ಮರೆಯುವುದಿಲ್ಲ. ಸ್ವಯಂಸೇವೆ ಎಂಬುದು ಇದಕ್ಕಿಂತ ಒಂದು ಹೆಜ್ಜೆ ಆಚೆಯದು. ಮುಖ ಪರಿಚಯವಿಲ್ಲದವರ ಊರಿಗೆ, ಮುಯ್ಯಿ ತೀರಿಸಲಾರದವರ ಅಂಗಳಕ್ಕೆ ಹೋಗಿ ಕೆಲವು ದಿನ ದುಡಿದು ಬರುವುದು.

ಪೇಟೆಯ ನಮ್ಮ ಮನೆಗಳಲ್ಲೂ ಈಗ ಈ ಮಾತು ಬರುತ್ತಿರುತ್ತದೆ. ಮಗಳು ಎನ್.ಎಸ್.ಎಸ್. ಶಿಬಿರಕ್ಕೆ ಏಳು ದಿನ ಹಳ್ಳಿಗೆ ಹೋಗುತ್ತೇನೆ ಎನ್ನುತ್ತಾಳೆ. ಪರಿಚಯದವರ ಮಗ ರಜೆಯಲ್ಲಿ ಎರಡು ವಾರ ಹೊರದೇಶಕ್ಕೆ ಸೇವೆಗೆಂದು ಹೊರಡುತ್ತಾನೆ. "ಏಳು ದಿನದಲ್ಲಿ ಅದೇನು ಕಡಿದು ಕಟ್ಟೆ ಹಾಕುತ್ತೀಯೇ?" ಎಂದು ಅಜ್ಜಿ ಕೇಳುತ್ತಾರೆ. ಅಜ್ಜಿಯ ಪ್ರಶ್ನೆಯನ್ನು ನಕ್ಕು ತಳ್ಳಿಹಾಕುವಂತಿಲ್ಲ. ಅದಕ್ಕೆ ಉತ್ತರ ಹುಡುಕುತ್ತ ಹೋದಾಗ ಸಿಕ್ಕ ಕೆಲವರ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ವರ್ದೂನ್ ಎಂಬಲ್ಲಿ 1916ರಲ್ಲಿ ಸುಮಾರು ಹತ್ತು ತಿಂಗಳು ಕಾಳಗ ನಡೆಯಿತು. ಎರಡೂ ಕಡೆ ಸೇರಿ ಸತ್ತವರು ಸುಮಾರು ಮೂರು ಲಕ್ಷ. ಸುತ್ತಲಿನ ಹಳ್ಳಿಗಳು ಗುರುತು ಸಿಗದಂತೆ ಪುಡಿಯಾದವು. ಅಂಥ ಒಂದು ಹಳ್ಳಿ ಏನ್. ಯುದ್ಧ ಮುಗಿದು ಎರಡು ವರ್ಷದ ಮೇಲೆ, 1920ರ ಚಳಿಗಾಲದಲ್ಲಿ, ಅಲ್ಲಿಗೆ ಒಂದು ಪುಟ್ಟ ಗುಂಪು ಬಂತು. ಅವರ ಕೈಯಲ್ಲಿ ಇದ್ದದ್ದು ಗುದ್ದಲಿ, ಸುತ್ತಿಗೆ. ಮುಂದೆ ನಿಂತವನು ಪಿಯೆರ್ ಸೆರೆಸೋಲ್ ಎಂಬ ಸ್ವಿಸ್ ಇಂಜಿನಿಯರ್. ಅವನ ತಂದೆ 1873ರಲ್ಲಿ ಸ್ವಿಟ್ಜರ್ಲೆಂಡಿನ ಅಧ್ಯಕ್ಷರಾಗಿದ್ದವರು. ಮಗನಾದರೋ ಯುದ್ಧಕ್ಕೆ ಬಳಕೆಯಾಗುವ ಸೇನಾ ತೆರಿಗೆ ಕೊಡುವುದಿಲ್ಲವೆಂದು ಜೈಲಿಗೆ ಹೋದವನು! ಅವನ ಗುಂಪಿನಲ್ಲಿ ಜರ್ಮನರೂ ಇದ್ದರು. ಫಿರಂಗಿ ಹಾರಿಸಿದ ದೇಶದವರೇ ಬಂದು ಮನೆ ಕಟ್ಟಿಕೊಡಬೇಕು, ಆಗ ಮಾತಿಲ್ಲದೆ ಕ್ಷಮೆ ಕೇಳಿದಂತೆ ಆಗುತ್ತದೆ ಎಂಬುದು ಅವರ ಲೆಕ್ಕ.

ಆ ಲೆಕ್ಕ ಪೂರ್ತಿಯಾಗಿ ಕೂಡಿಬರಲಿಲ್ಲ. ಆ ಗಾಯ ಇನ್ನೂ ಹಸಿಯಾಗಿತ್ತು. ಶತ್ರು ದೇಶದವರು ಅಲ್ಲಿ ಇರುವುದು ಬೇಡವೆಂಬ ವಿರೋಧ ಬೆಳೆದು, ಕೆಲವೇ ತಿಂಗಳಲ್ಲಿ ಶಿಬಿರ ಮುಚ್ಚಬೇಕಾಯಿತು. ಕೊಡುವವರ ಮನಸ್ಸು ಶುದ್ಧವಾಗಿದ್ದರೆ ಸಾಲದು, ತೆಗೆದುಕೊಳ್ಳುವವರ ಮನಸ್ಸೂ ಒಪ್ಪಬೇಕು ಎಂಬ ಪಾಠ ಅಲ್ಲೇ ಸಿಕ್ಕಿತು. ಆದರೂ 'ಸರ್ವೀಸ್ ಸಿವಿಲ್ ಇಂಟರ್‌ನ್ಯಾಷನಲ್' ಎಂಬ ಸಂಸ್ಥೆ ಹುಟ್ಟಿದ್ದು ಆ ಅರ್ಧಕ್ಕೆ ನಿಂತ ಕೆಲಸದಿಂದಲೇ. 1924ರಲ್ಲಿ ಸ್ವಿಟ್ಜರ್ಲೆಂಡಿನ ಲೇಸ್ ಓರ್ಮೋಂ ಎಂಬ ಬೆಟ್ಟದೂರಿನಲ್ಲಿ ಹಿಮ ಕುಸಿದು ಬಿದ್ದ ಕಲ್ಲುಮಣ್ಣನ್ನು ತೆಗೆಯುವ ಕೆಲಸಕ್ಕೆ ಗುಂಪು ಮತ್ತೆ ಸೇರಿತು. 1928ರಲ್ಲಿ ರೈನ್ ನದಿಯ ನೆರೆಗೆ ಸಿಕ್ಕಿದ್ದ ಲಿಖ್ಟನ್‌ಸ್ಟೈನ್ ಎಂಬ ಪುಟ್ಟ ದೇಶಕ್ಕೆ ಸುಮಾರು 700 ಜನ ಬಂದು ಹೊಲಗಳಲ್ಲಿ ತುಂಬಿದ್ದ ಮರಳು, ಜಲ್ಲಿ ತೆಗೆದರು. ಬಹಳ ಮಂದಿ ಕೆಲವು ವಾರಗಳ ಮಟ್ಟಿಗೆ ಬಂದವರು. ಒಬ್ಬರು ಹೋದಂತೆ ಇನ್ನೊಬ್ಬರು ಬಂದು ಗುದ್ದಲಿ ಹಿಡಿದರು.

ಈ ಶಿಬಿರಗಳಲ್ಲಿ ಹೆಂಗಸರೂ ಇದ್ದರು. ಅವರನ್ನು 'ಸಿಸ್ಟರ್' ಎಂದು ಕರೆಯುತ್ತಿದ್ದರು. ಅವರ ಪಾಲಿಗೆ ಬಂದ ಕೆಲಸ ಯಾವುದು ಎಂದು ನಾನು ಹೇಳಬೇಕಾಗಿಲ್ಲ. ಅಡಿಗೆ, ಬಟ್ಟೆ ಒಗೆಯುವುದು, ಹರಿದದ್ದಕ್ಕೆ ತೇಪೆ ಹಾಕುವುದು! ಲೋಕವನ್ನೇ ಬದಲಾಯಿಸಲು ಹೊರಟವರಿಗೂ ಒಲೆಯ ಮುಂದಿನ ಜಾಗವನ್ನು ಬದಲಾಯಿಸಬೇಕೆಂದು ತೋಚಲಿಲ್ಲ. ಹೊತ್ತುಹೊತ್ತಿಗೆ ಊಟ ಬೀಳದಿದ್ದರೆ ಎಷ್ಟು ಕಲ್ಲು ಎತ್ತುತ್ತಿದ್ದರೋ! ಹೆಂಗಸರು ಗುದ್ದಲಿ ಹಿಡಿಯುವುದು, ಗಂಡಸರು ಪಾತ್ರೆ ತಿಕ್ಕುವುದು ಇಂಥ ಶಿಬಿರಗಳಲ್ಲಿ ಸಾಮಾನ್ಯವಾದದ್ದು ಬಹಳ ನಿಧಾನವಾಗಿ.

ಅದೇ 1924ರಲ್ಲಿ ನಮ್ಮ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ್ದು ಅದೊಂದೇ ಅಧಿವೇಶನಕ್ಕೆ. ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರರು ಸ್ವಯಂಸೇವಕರನ್ನು ಸಂಘಟಿಸಿದ್ದರು. ಮಹಿಳಾ ವಿಭಾಗದ ಮುಂದಾಳು ಉಮಾಬಾಯಿ ಕುಂದಾಪುರ. 1892ರಲ್ಲಿ ಮಂಗಳೂರಿನಲ್ಲಿ ಹುಟ್ಟಿದವರು; ಚಿಕ್ಕ ವಯಸ್ಸಿನಲ್ಲೇ ಮದುವೆ. ಓದಿಸಿದವರು ಮಾವನವರಾದ ಆನಂದರಾಯರು. ಗಂಡ ತೀರಿಕೊಂಡದ್ದು 1923ರಲ್ಲಿ. ಆ ಕಾಲದ ವಿಧವೆಗೆ ಅಲ್ಲಿಗೆ ಬಾಗಿಲು ಮುಚ್ಚಿದ ಹಾಗೆಯೇ. ಆದರೆ ಮರುವರ್ಷವೇ ಉಮಾಬಾಯಿ ಊರೂರು, ಮನೆಮನೆ ಸುತ್ತಿ 150ಕ್ಕೂ ಹೆಚ್ಚು ಹೆಂಗಸರನ್ನು ಬೆಳಗಾವಿಗೆ ಕರೆತಂದರು. ಅವರಲ್ಲಿ ವಿಧವೆಯರೂ ಇದ್ದರು.

ಇದರ ತೂಕ ನಮಗೆ ಅರ್ಥವಾಗಬೇಕಾದರೆ ನಮ್ಮದೇ ಮನೆಗಳನ್ನು ನೆನೆಯಬೇಕು. ಗಂಡಸು ಸೇವೆಗೆ ಹೊರಟರೆ ಚೀಲ ಹೆಗಲಿಗೇರಿಸಿ ಹೊರಡುತ್ತಾನೆ. ಹೆಂಗಸು ಹೊರಟರೆ ಮೊದಲು ಮನೆಯವರ ಒಪ್ಪಿಗೆ, ಆಮೇಲೆ ಮಕ್ಕಳ ವ್ಯವಸ್ಥೆ, ಆಮೇಲೆ ಊರಿನ ಬಾಯಿ. ಅಧಿವೇಶನಕ್ಕೆ ಬಂದ ಆ ಹೆಂಗಸರು ಅತಿಥಿಗಳಿಗೆ ಮಾಡಿದ ಸೇವೆ ದೊಡ್ಡದು. ಆದರೆ ಹೊಸ್ತಿಲು ದಾಟಿ ಬಂದದ್ದು ಅದಕ್ಕಿಂತ ದೊಡ್ಡದು. ನಾಲ್ಕು ದಿನ ಹೊರಗಿದ್ದು ಬಂದವಳಿಗೆ ಐದನೆಯ ದಿನ ತನ್ನ ಮನೆಯೇ ಬೇರೆಯಾಗಿ ಕಾಣುತ್ತದೆ.

1934ರ ಜನವರಿ 15ರ ಮಧ್ಯಾಹ್ನ ಬಿಹಾರ ಮತ್ತು ನೇಪಾಳದ ನೆಲ ನಡುಗಿತು. ಮುಂಗೇರ್, ಮುಜಫ್ಫರಪುರ, ಮೋತಿಹಾರಿ ನೆಲಸಮವಾದವು. ಸತ್ತವರು ಹತ್ತು ಸಾವಿರಕ್ಕೂ ಮಿಕ್ಕಿ. ಬಿರಿದ ನೆಲದಿಂದ ನೀರು, ಮರಳು ಉಕ್ಕಿ ಬಂದು ಹೊಲಗಳನ್ನು ಮುಚ್ಚಿದವು, ಬಾವಿಗಳು ಹೂತುಹೋದವು. ಆಗ ಜೈಲಿನಿಂದ ಬಿಡುಗಡೆಯಾಗಿ ಬಂದ ಬಾಬು ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿಯ ಹೊಣೆ ಹೊತ್ತರು.

ಆ ಸುದ್ದಿ ಕೇಳಿ ಹುಬ್ಬಳ್ಳಿಯಿಂದ ಉಮಾಬಾಯಿ ತಮ್ಮ ಸ್ವಯಂಸೇವಕರೊಡನೆ ಹೊರಟರು. ಎರಡು ವರ್ಷದ ಹಿಂದೆ, 1932ರಲ್ಲಿ, ಯರವಾಡ ಜೈಲು ಕಂಡು ಬಂದಿದ್ದವರಿಗೆ ಬಿಹಾರದ ದಾರಿ ದೂರವೆನಿಸಲಿಲ್ಲ. ಭಾಷೆ ಬೇರೆ, ಊಟ ಬೇರೆ, ನೆಲ ಇನ್ನೂ ನಡುಗುತ್ತಿದ್ದ ಕಾಲ. ನಿರಾಶ್ರಿತರ ಶಿಬಿರಗಳಲ್ಲಿ ಹಗಲೂ ರಾತ್ರಿ ದುಡಿದರು.

ಸ್ವಿಟ್ಜರ್ಲೆಂಡಿನಿಂದ ಸೆರೆಸೋಲ್ ಕೂಡ ಹೊರಟ. 1931ರ ಡಿಸೆಂಬರಿನಲ್ಲಿ ಗಾಂಧೀಜಿ ರೋಮಾ ರೋಲಾರ ಅತಿಥಿಯಾಗಿ ಸ್ವಿಟ್ಜರ್ಲೆಂಡಿಗೆ ಹೋಗಿದ್ದಾಗ ಅವನು ಅವರನ್ನು ಕಂಡಿದ್ದ. 1934ರಲ್ಲಿ ಒಬ್ಬನೇ ಬಂದು ಬಿಹಾರವನ್ನು ನೋಡಿಹೋದ. ಆಮೇಲೆ ಸಂಗಾತಿಗಳೊಡನೆ ಮರಳಿ ಬಂದ. ಮುಜಫ್ಫರಪುರದ ಕಡೆ, ನೆರೆಗೆ ಸಿಕ್ಕುವ ತಗ್ಗಿನ ಹಳ್ಳಿಗಳನ್ನು ಎತ್ತರದ ಜಾಗದಲ್ಲಿ ಮತ್ತೆ ಕಟ್ಟುವ ಕೆಲಸ. ಹೊಸ ಊರೊಂದಕ್ಕೆ ಶಾಂತಿಪುರ ಎಂದು ಹೆಸರಿಟ್ಟರು. ಈ ಕೆಲಸ 1937ರವರೆಗೂ ಸಾಗಿತು. ನೆನಪಿಡಿ, ಯುರೋಪಿನಿಂದ ಬಂದವರು ಬೆರಳೆಣಿಕೆಯ ಜನ. ಅಷ್ಟು ಜನ ಊರು ಕಟ್ಟಲಾರರು. ಮಣ್ಣು ಹೊತ್ತವರು, ಬಿದಿರು ಕಡಿದವರು, ಗೋಡೆ ಎಬ್ಬಿಸಿದವರು ಅಲ್ಲಿಯ ರೈತರು, ಕೂಲಿಯವರು. ಆಳುವ ಬಿಳಿಯರನ್ನು ಮಾತ್ರ ಕಂಡಿದ್ದ ಜನ ಮಣ್ಣಿನ ಬುಟ್ಟಿ ಹೊರುವ ಬಿಳಿಯನನ್ನೂ ಕಂಡರು. ಏನ್ ಹಳ್ಳಿಯಲ್ಲಿ ಅರ್ಧಕ್ಕೆ ನಿಂತಿದ್ದ ಮಾತು ಇಲ್ಲಿ ಪೂರ್ತಿಯಾಯಿತು ಎಂದು ನನಗನ್ನಿಸುತ್ತದೆ.

ಇನ್ನೊಬ್ಬಳ ಕಥೆ ಹೇಳದಿದ್ದರೆ ಈ ಲೇಖನ ಮುಗಿಯದು. ಎಲಿಜಬೆತ್ ಐಡೆನ್‌ಬೆನ್ಸ್ ಸ್ವಿಟ್ಜರ್ಲೆಂಡಿನ ಒಬ್ಬ ಪ್ರಾಥಮಿಕ ಶಾಲೆಯ ಮೇಡಂ, 1913ರಲ್ಲಿ ಹುಟ್ಟಿದವಳು. ಅಂತರ್ಯುದ್ಧದಲ್ಲಿ ಉರಿಯುತ್ತಿದ್ದ ಸ್ಪೇನಿಗೆ, ಮಕ್ಕಳ ನೆರವಿಗಾಗಿ, 1937ರಲ್ಲಿ ಸ್ವಯಂಸೇವಕಿಯಾಗಿ ಹೋದಳು. ಸೋತವರು ಗಡಿ ದಾಟಿ ಫ್ರಾನ್ಸಿಗೆ ಬಂದಾಗ ಅವರನ್ನು ಸಮುದ್ರ ತೀರದ ಮರಳಿನಲ್ಲಿ ತಂತಿಬೇಲಿಯೊಳಗೆ ಇಟ್ಟರು. ಅಲ್ಲಿ ಬಸುರಿಯರೂ ಇದ್ದರು. ಹುಟ್ಟಿದ ಕೂಸುಗಳು ಬದುಕುವುದೇ ಕಷ್ಟವಾಗಿತ್ತು. ಎಲಿಜಬೆತ್ ಎಲ್ನ್ ಎಂಬ ಊರಿನಲ್ಲಿ ಒಂದು ಹಳೆಯ ಬಂಗಲೆ ಹಿಡಿದು 1939ರಲ್ಲಿ ಹೆರಿಗೆ ಮನೆ ತೆರೆದಳು. 1944ರಲ್ಲಿ ಜರ್ಮನರು ಮುಚ್ಚಿಸುವ ತನಕ ಅಲ್ಲಿ 597 ಮಕ್ಕಳು ಹುಟ್ಟಿದರು. ಸ್ಪೇನಿನ ನಿರಾಶ್ರಿತರ ಜೊತೆಗೆ ಯಹೂದಿ ತಾಯಂದಿರಿಗೂ ಅಲ್ಲಿ ಆಸರೆ ಸಿಕ್ಕಿತು. ಲೋಕ ಬಹಳ ಕಾಲ ಅವಳ ಹೆಸರು ಕೇಳಿರಲಿಲ್ಲ. 2002ರಲ್ಲಿ ಇಸ್ರೇಲ್ ಗೌರವಿಸಿತು. 2011ರಲ್ಲಿ, 97ರ ವಯಸ್ಸಿನಲ್ಲಿ ತೀರಿಕೊಂಡಳು. ಬಾಣಂತನ ಮಾಡುವುದು ಹೆಂಗಸರ ಕೆಲಸ ಎಂದು ನಾವು ಹಗುರವಾಗಿ ಅಂದುಬಿಡುತ್ತೇವೆ. ಯುದ್ಧದ ನಡುವೆ ಅದೇ ಕೆಲಸ ಎಷ್ಟು ಜೀವ ಉಳಿಸಿತು ನೋಡಿ.

ಸ್ವತಂತ್ರ ಭಾರತದಲ್ಲಿ ಗಾಂಧೀಜಿಯ ಶತಮಾನೋತ್ಸವದ ವರ್ಷ, 1969ರ ಸೆಪ್ಟೆಂಬರ್ 24ರಂದು ರಾಷ್ಟ್ರೀಯ ಸೇವಾ ಯೋಜನೆ ಆರಂಭವಾಯಿತು. ಆಗ 37 ವಿಶ್ವವಿದ್ಯಾಲಯಗಳ 40,000 ವಿದ್ಯಾರ್ಥಿಗಳು, ಆಮೇಲೆ ಲಕ್ಷಗಟ್ಟಲೆ. ಶಿಬಿರದಲ್ಲಿ ರಸ್ತೆ ಬದಿಗೆ ಗಿಡ ನೆಟ್ಟರು, ಚರಂಡಿ ತೋಡಿದರು. ನೆಟ್ಟ ಗಿಡಗಳಲ್ಲಿ ಎಷ್ಟು ಬದುಕಿದವು ಎಂದು ಕೇಳಬಹುದು, ಕೇಳಲೇಬೇಕು. ಗಿಡಕ್ಕೆ ನೀರು ಹಾಕುವವರು ಆ ಊರಿನವರೇ ಅಲ್ಲವೇ? ಅವರನ್ನು ಕೇಳದೆ ನೆಟ್ಟ ಗಿಡ ಏಳು ದಿನದ ಫೋಟೋಕ್ಕೆ ಮಾತ್ರ.

ಹೊರದೇಶದ ಸೇವೆಯಲ್ಲಿ ಈ ಮಾತು ಇನ್ನೂ ಕಟುವಾಗುತ್ತದೆ. ಎರಡು ವಾರದ ಸೇವೆ ಈಗ ಹಣ ಕೊಟ್ಟು ಕೊಳ್ಳುವ ಪ್ರವಾಸವೂ ಆಗಿದೆ. ನೇಪಾಳ, ಕಾಂಬೋಡಿಯಾಗಳಲ್ಲಿ ತಂದೆತಾಯಿ ಬದುಕಿರುವ ಮಕ್ಕಳನ್ನೇ ಅನಾಥಾಲಯಕ್ಕೆ ತಂದಿಟ್ಟು, ಬಂದ ವಿದೇಶಿಯರಿಗೆ ತೋರಿಸಿ ಹಣ ಎತ್ತಿದ್ದು ಬಯಲಾಗಿದೆ. ಹದಿನೈದು ದಿನ ಎತ್ತಿ ಆಡಿಸಿದ 'ಅಕ್ಕ' ಹೊರಟುಹೋಗುತ್ತಾಳೆ, ಮುಂದಿನ ವಾರ ಇನ್ನೊಬ್ಬಳು ಬರುತ್ತಾಳೆ. ಮಗುವಿನ ಮನಸ್ಸು ಎಷ್ಟು ಸಲ ಹಚ್ಚಿಕೊಂಡೀತು, ಎಷ್ಟು ಸಲ ಬಿಟ್ಟುಕೊಟ್ಟೀತು? ಮರಳು ಎತ್ತುವ ಕೆಲಸಕ್ಕೆ ಇಂದು ಒಬ್ಬರು, ನಾಳೆ ಒಬ್ಬರು ನಡೆಯುತ್ತದೆ. ಮಗುವನ್ನು ಬೆಳೆಸುವ ಕೆಲಸಕ್ಕೆ ನಡೆಯುವುದಿಲ್ಲ. ತಾಯಂದಿರಾದ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾಗಿ ಮಗಳು ಹೊರಡುತ್ತೇನೆ ಎಂದರೆ ತಡೆಯಬೇಡಿ. ಮೂರು ಮಾತು ಕೇಳಿ ಕಳಿಸಿ. ಆ ಊರಿನವರು ಈ ಕೆಲಸ ಬೇಕೆಂದು ಕೇಳಿದ್ದಾರೆಯೇ? ನೀನು ಬಂದ ಮೇಲೆ ಅದನ್ನು ಮುಂದುವರಿಸುವವರು ಯಾರು? ಶಿಬಿರದಲ್ಲಿ ಪಾತ್ರೆ ತೊಳೆಯುವ ಸರದಿಯಲ್ಲಿ ಹುಡುಗರ ಹೆಸರೂ ಇದೆಯೇ? ಮೂರಕ್ಕೂ ಉತ್ತರ ಇದ್ದರೆ ಏಳು ದಿನ ಕಡಿಮೆಯೇನಲ್ಲ.

ಉಮಾಬಾಯಿಯವರನ್ನು ಗಾಂಧೀಜಿ 1946ರಲ್ಲಿ ಕಸ್ತೂರ್ಬಾ ಸ್ಮಾರಕ ನಿಧಿಯ ಕರ್ನಾಟಕದ ಪ್ರತಿನಿಧಿಯಾಗಿ ನೇಮಿಸಿದರು. ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು, ತಮ್ಮ ಊರಿನ ಕೆಲಸವನ್ನು ತಾವೇ ನಡೆಸುವಂತೆ ಮಾಡುವುದು ಅದರ ಉದ್ದೇಶ. ಸ್ವಾತಂತ್ರ್ಯ ಬಂದ ಮೇಲೆ ಅವರು ಪಿಂಚಣಿ, ಪದವಿ ಯಾವುದನ್ನೂ ಒಪ್ಪಿಕೊಳ್ಳಲಿಲ್ಲ. ಹುಬ್ಬಳ್ಳಿಯ ಪುಟ್ಟ ಮನೆಯಲ್ಲಿ ಇದ್ದು, 1992ರಲ್ಲಿ, ಒಂದು ನೂರು ವರ್ಷದ ಬದುಕು ಬಾಳಿ ಹೋದರು. ಆ ಮನೆಗೆ ಅವರು ಇಟ್ಟಿದ್ದ ಹೆಸರು 'ಆನಂದ ಸ್ಮೃತಿ'. ತಮ್ಮನ್ನು ಓದಿಸಿ, ಹೊಸ್ತಿಲಾಚೆ ಕಳಿಸಿದ ಮಾವನವರ ನೆನಪಿಗೆ.