ಎತ್ತರಕ್ಕೂ ಸಂಬಳಕ್ಕೂ ಏನು ನಂಟು?

ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಗಿಡ್ಡ ಮಕ್ಕಳು ಮುಂದೆ, ಎತ್ತರದವರು ಹಿಂದೆ. ಹಿಂದೆ ನಿಂತವರೇ ಮುಂದೆ ಹೆಚ್ಚು ಸಂಬಳ ಪಡೆಯುತ್ತಾರೆಂದರೆ ನೀವು ನಂಬುವಿರಾ? ಸರಾಸರಿಯ ಮಟ್ಟಿಗೆ ಇದು ನಿಜ.

1915ರಲ್ಲಿ ಅಮೆರಿಕದ ಎನೋಕ್ ಗೋವಿನ್ ಇದನ್ನು ಅಳೆದು ನೋಡಿದರು. ಸಣ್ಣ ಊರಿನ ಪಾದ್ರಿಗಳಿಗಿಂತ ಬಿಷಪ್ಪರು, ಸ್ಟೇಷನ್ ಏಜೆಂಟರಿಗಿಂತ ರೈಲ್ವೆ ಕಂಪನಿಗಳ ಅಧ್ಯಕ್ಷರು ಎತ್ತರವಾಗಿದ್ದರು. 2004ರಲ್ಲಿ ಜಡ್ಜ್ ಮತ್ತು ಕೇಬಲ್ ಎಂಬ ಸಂಶೋಧಕರು ಲೆಕ್ಕವನ್ನೇ ಕೊಟ್ಟರು: ಒಂದು ಅಂಗುಲಕ್ಕೆ ವರ್ಷಕ್ಕೆ ಸುಮಾರು 789 ಡಾಲರ್!

ಮೇಲಧಿಕಾರಿಗಳಿಗೆ ಎತ್ತರದವರ ಮೇಲೆ ಒಲವು ಎಂದು ಹೇಳಿ ಸುಮ್ಮನಾಗಬಹುದಿತ್ತು. ಆದರೆ ಅದೇ ವರ್ಷ ಪರ್ಸಿಕೋ ಮತ್ತು ಸಂಗಡಿಗರು ಒಂದು ವಿಚಿತ್ರವನ್ನು ತೋರಿಸಿದರು. ಬಿಳಿಯ ಪುರುಷರ ಸಂಬಳಕ್ಕೆ ಹೆಚ್ಚು ಹೊಂದುತ್ತಿದ್ದುದು ಅವರ ಈಗಿನ ಎತ್ತರವಲ್ಲ, 16ನೇ ವಯಸ್ಸಿನ ಎತ್ತರ. ಕೆಲಸ ಕೊಡುವವನಿಗೆ ಅದು ಹೇಗೆ ಕಂಡೀತು? 2008ರಲ್ಲಿ ಆನ್ ಕೇಸ್ ಮತ್ತು ಕ್ರಿಸ್ಟಿನಾ ಪ್ಯಾಕ್ಸನ್ ಇನ್ನೂ ಹಿಂದಕ್ಕೆ ಹೋದರು. ಶಾಲೆಗೆ ಸೇರುವ ಮೊದಲೇ, 3ನೇ ವಯಸ್ಸಿನಲ್ಲೇ, ಎತ್ತರದ ಮಕ್ಕಳು ಬುದ್ಧಿಪರೀಕ್ಷೆಗಳಲ್ಲಿ ಸರಾಸರಿ ಹೆಚ್ಚು ಅಂಕ ಪಡೆದಿದ್ದರು.

ಜ್ವರಮಾಪಕದಲ್ಲಿ ಪಾದರಸ ಏರಿದ್ದರಿಂದ ಯಾರಿಗೂ ಜ್ವರ ಬರುವುದಿಲ್ಲ. ಎತ್ತರವೂ ಬಹುಮಟ್ಟಿಗೆ ಅಂಥದೇ ಒಂದು ಮಾಪಕ. ಒಬ್ಬ ವ್ಯಕ್ತಿಯ ಎತ್ತರದಲ್ಲಿ ಆನುವಂಶಿಕತೆಯ ಪಾಲು ದೊಡ್ಡದು, ಆದ್ದರಿಂದ ನಿಮ್ಮ ತರಗತಿಯ ಗಿಡ್ಡ ಹುಡುಗಿಯ ಬಗ್ಗೆ ಇದು ಏನನ್ನೂ ಹೇಳಲಾರದು. ಆದರೆ ಸಾವಿರಾರು ಜನರ ಸರಾಸರಿಯಲ್ಲಿ ಎಳವೆಯ ಊಟ ಮತ್ತು ಕಾಯಿಲೆಗಳ ದಾಖಲೆ ಉಳಿದಿರುತ್ತದೆ. ಫ್ರಾನ್ಸಿನ ವೈದ್ಯ ವಿಲೆರ್ಮೆ ಸೈನ್ಯಕ್ಕೆ ಆಯ್ಕೆಯಾಗುವ ಯುವಕರ ಎತ್ತರಗಳನ್ನು ಹೋಲಿಸಿ, ಬಡತನವೇ ಜನರನ್ನು ಕುಳ್ಳಾಗಿಸುತ್ತದೆ ಎಂದು 1829ರಲ್ಲೇ ಬರೆದಿದ್ದ. ಅದನ್ನು ಮರೆತು ನಾವು ಅಧ್ಯಕ್ಷರ ಎತ್ತರ ಅಳೆಯುತ್ತ ಕುಳಿತೆವು!

ಇದಕ್ಕೆ ಪ್ರಯೋಗದ ಆಧಾರ ಬೇಡವೇ? 1969ರಿಂದ 1977ರವರೆಗೆ ಗ್ವಾಟೆಮಾಲಾದ ನಾಲ್ಕು ಹಳ್ಳಿಗಳಲ್ಲಿ ಒಂದು ಪ್ರಯೋಗ ನಡೆಯಿತು. ಎರಡು ಹಳ್ಳಿಗಳಲ್ಲಿ ಪ್ರೋಟೀನ್ ತುಂಬಿದ ಗಂಜಿ, ಇನ್ನೆರಡರಲ್ಲಿ ಪ್ರೋಟೀನ್ ಇಲ್ಲದ ಸಿಹಿ ಪಾನೀಯ. ಗಂಜಿ ಕುಡಿದ ಎಳೆಯ ಮಕ್ಕಳು ಹೆಚ್ಚು ಎತ್ತರ ಬೆಳೆದರು. ಅವರು ದೊಡ್ಡವರಾದ ಮೇಲಿನ ಗಳಿಕೆಯ ವರದಿ 2008ರಲ್ಲಿ ಪ್ರಕಟವಾಯಿತು. ಎರಡು ವರ್ಷ ತುಂಬುವವರೆಗೆ ಗಂಜಿ ಸಿಕ್ಕಿದ್ದ ಗಂಡಸರ ಗಂಟೆಯ ಕೂಲಿ 0.67 ಡಾಲರ್, ಅಂದರೆ ಸುಮಾರು ಶೇಕಡಾ 46ರಷ್ಟು, ಹೆಚ್ಚಾಗಿತ್ತು. ಅದೇ ಗಂಜಿ ಕುಡಿದು ಬೆಳೆದ ಹೆಂಗಸರ ಕೂಲಿಯಲ್ಲಿ ಮಾತ್ರ ಅಂಥ ಏರಿಕೆ ಕಾಣಲಿಲ್ಲ.