ಹಾಕದೇ ಬಿಟ್ಟ ಹೊಲಿಗೆ

ಹುಟ್ಟಿ ಮೂರರಿಂದ ಆರು ವಾರ ಆಗಿರುತ್ತೆ. ಅಲ್ಲೀವರೆಗೂ ಚೆನ್ನಾಗಿದ್ದ ಕೂಸು ಇದ್ದಕ್ಕಿದ್ದಂತೆ ಕುಡಿದ ಹಾಲನ್ನೆಲ್ಲ ಕಕ್ಕೋಕೆ ಶುರುಮಾಡುತ್ತೆ. ಬಾಯಂಚಲ್ಲಿ ಸುರಿಯೋ ಹಾಲಲ್ಲ ಇದು, ಪಿಚಕಾರಿ ಹೊಡೆದಂತೆ ಎರಡು ಮೂರು ಅಡಿ ದೂರ ಚಿಮ್ಮುತ್ತೆ. ಕಕ್ಕಿದ ಕೂಡಲೇ ಮತ್ತೆ ಹಸಿವು, ಮತ್ತೆ ಅಳು. ವಾಂತಿಯಲ್ಲಿ ಹಸಿರು ಪಿತ್ತ ಇರಲ್ಲ. (ಹಸಿರಿದ್ದರೆ ಅದು ಬೇರೆಯದೇ ತೊಂದರೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು.)

ಜಠರದ ಕೊನೆಯಲ್ಲಿರೋ ಬಾಗಿಲಿಗೆ ಪೈಲೋರಸ್ ಅಂತಾರೆ. ಗ್ರೀಕ್ ಭಾಷೆಯಲ್ಲಿ ದ್ವಾರಪಾಲಕ ಅನ್ನೋ ಅರ್ಥ. ನನ್ನಂಥ ಹಳ್ಳಿಯವನಿಗೆ ಕೆರೆ ತೂಬು ಕಾಯೋ ನೀರುಗಂಟಿ ಅಂದರೆ ಬೇಗ ಹೊಳೆಯುತ್ತೆ. ಜಠರ ಕೆರೆ, ಸಣ್ಣಕರುಳು ಕಾಲುವೆ, ನಡುವೆ ಈ ತೂಬು. ಕೆಲವು ಮಕ್ಕಳಲ್ಲಿ ತೂಬಿನ ಸುತ್ತಲಿನ ಸ್ನಾಯು ದಪ್ಪ ಆಗ್ತಾ ಹೋಗಿ ದಾರಿ ಮುಚ್ಚುತ್ತೆ. ಹೆಣ್ಣುಮಕ್ಕಳಿಗಿಂತ ಗಂಡುಮಕ್ಕಳಲ್ಲಿ ಸುಮಾರು ನಾಲ್ಕು ಪಟ್ಟು ಹೆಚ್ಚು, ಅದರಲ್ಲೂ ಚೊಚ್ಚಲ ಮಕ್ಕಳಲ್ಲಿ.

1788ರಲ್ಲೇ ಅಮೆರಿಕದ ವೈದ್ಯ ಹೆಜೆಕಯಾ ಬಿಯರ್ಡ್ಸ್‌ಲಿ ಇಂಥದೊಂದು ಪ್ರಕರಣ ಬರೆದಿಟ್ಟಿದ್ದ. ಯಾರೂ ಗಮನಿಸಲಿಲ್ಲ. ನೂರು ವರ್ಷದ ನಂತರ, 1887ರಲ್ಲಿ, ಕೋಪನ್‌ಹೇಗನ್ನಿನ ಮಕ್ಕಳ ವೈದ್ಯ ಹರಾಲ್ಡ್ ಹಿರ್ಷ್‌ಸ್ಪ್ರುಂಗ್ ಸತ್ತ ಎರಡು ಕೂಸುಗಳ ಜಠರ ಪರೀಕ್ಷಿಸಿ ಇದೊಂದು ಪ್ರತ್ಯೇಕ ಕಾಯಿಲೆ ಅಂತ ಜರ್ಮನಿಯ ಸಭೆಯೊಂದರಲ್ಲಿ ಹೇಳಿದ. ಕಾಯಿಲೆಗೆ ಹೆಸರು ಸಿಕ್ಕಿತು, ಮದ್ದು ಸಿಗಲಿಲ್ಲ.

ಆಮೇಲಿನ ಇಪ್ಪತ್ತು ಚಿಲ್ಲರೆ ವರ್ಷ ಓದೋಕೇ ಕಷ್ಟ. ಸರ್ಜನ್‌ಗಳು ಜಠರಕ್ಕೂ ಕರುಳಿಗೂ ಹೊಸ ದಾರಿ ಹೊಲಿದರು, ತೂಬನ್ನ ಒಳಗಿಂದ ಹಿಗ್ಗಿಸಿ ನೋಡಿದರು. ಎಲುಬು ಚರ್ಮ ಆಗಿದ್ದ ಕೂಸುಗಳು ಅಷ್ಟು ದೊಡ್ಡ ಆಪರೇಷನ್ ತಡಕೊಳ್ಳಲಿಲ್ಲ. ಬದುಕಿದವರಿಗಿಂತ ಸತ್ತವರೇ ಹೆಚ್ಚಿದ್ದ ವರದಿಗಳು ಬರ್ತಿದ್ದವು. ಹಾಗಾಗಿ ಎಷ್ಟೋ ಮಕ್ಕಳ ವೈದ್ಯರು ಕತ್ತಿ ಬೇಡ ಅಂದರು. ಜಠರ ತೊಳೆಯೋದು, ಚಮಚದಲ್ಲಿ ಸ್ವಲ್ಪ ಸ್ವಲ್ಪ ಎದೆಹಾಲು ಕುಡಿಸೋದು, ಕಾಯೋದು. ಅದರಿಂದ ಕೆಲವು ಮಕ್ಕಳು ಉಳಿದದ್ದೂ ನಿಜ. ಆದರೆ ಕಾದು ಕಾದು ಕೊನೆಗೆ ಸರ್ಜನ್ ಹತ್ತಿರ ಬರೋ ಹೊತ್ತಿಗೆ ಕೂಸಲ್ಲಿ ಏನೂ ಉಳಿದಿರ್ತಿರಲಿಲ್ಲ. ಆಪರೇಷನ್ನಿನ ಕೆಟ್ಟ ಹೆಸರು ಇನ್ನೂ ಕೆಡ್ತಿತ್ತು.

1907ರಲ್ಲಿ ಪ್ಯಾರಿಸ್ಸಿನ ಪಿಯರ್ ಫ್ರೆಡೆ ಹೊಸ ಉಪಾಯ ಮಾಡಿದ. ಜಠರ ತೆರೆಯೋದೇ ಬೇಡ, ಹೊರಗಿನ ದಪ್ಪ ಸ್ನಾಯುವನ್ನಷ್ಟೇ ಉದ್ದಕ್ಕೆ ಸೀಳಬೇಕು, ಒಳಪದರ ಮುಟ್ಟಬಾರದು. ಆಮೇಲೆ ಆ ಸೀಳನ್ನ ಅಡ್ಡಡ್ಡ ಹೊಲಿದ.

1911ರಲ್ಲಿ ಜರ್ಮನಿಯ ಮ್ಯೂನ್ಸ್ಟರ್‌ನಲ್ಲಿ ಕಾನ್ರಾಡ್ ರಾಮ್‌ಸ್ಟೆಟ್ ಕೂಡ ಕುಲೀನ ಮನೆತನವೊಂದರ ಚೊಚ್ಚಲ ಗಂಡುಮಗುವಿಗೆ ಸ್ನಾಯು ಸೀಳಿ ಅಡ್ಡ ಹೊಲಿಯೋಕೆ ಹೋದ. ಆ ಬಿಗಿಯಾದ ಸ್ನಾಯುವಲ್ಲಿ ದಾರ ನಿಲ್ಲಲಿಲ್ಲ, ಕೊಯ್ಕೊಂಡು ಬಂತು. ಆಪರೇಷನ್ ಆದಮೇಲೂ ಮಗು ಕೆಲವು ದಿನ ವಾಂತಿ ಮಾಡಿ ನಂತರ ಚೇತರಿಸಿಕೊಂಡಿತು. ರಾಮ್‌ಸ್ಟೆಟ್ ಯೋಚಿಸಿದ: ಸೀಳಿದ ತಕ್ಷಣವೇ ಬಿಗಿ ಸಡಿಲವಾಗಿತ್ತಲ್ಲ, ಹೊಲಿಗೆ ಯಾಕೆ ಬೇಕು? 1912ರಲ್ಲಿ ಎರಡನೇ ಕೂಸಿಗೆ ಸೀಳಿ ಹಾಗೇ ಬಿಟ್ಟ. ವಾಂತಿ ನಿಂತಿತು. ಇವತ್ತಿಗೂ ಆಪರೇಷನ್ ಅದೇ. 1990ರ ದಶಕದಿಂದ ಲ್ಯಾಪರೋಸ್ಕೋಪಲ್ಲೂ ಮಾಡ್ತಾರೆ, ಸೀಳು ಬದಲಾಗಿಲ್ಲ. ನಮ್ಮ ಕೋಡ್ ರಿವ್ಯೂಗಳಲ್ಲಿ ಸಾಲು ಸೇರಿಸಿದವನಿಗೆ ಸಿಗೋ ಶಹಬ್ಬಾಸ್ ಅಳಿಸಿದವನಿಗೆ ಸಿಗಲ್ಲ. ರಾಮ್‌ಸ್ಟೆಟ್‌ಗೆ ಸಿಕ್ಕಿತು.

ಆದರೆ ಕೀರ್ತಿಯೆಲ್ಲ ಕತ್ತಿಗೇ ಹೋಗಿದ್ದು ನನಗೆ ಸರಿ ಕಾಣಲ್ಲ. ಉಪ್ಪುನೀರಿಗೂ ಒಂದು ಪಾಲು ಸಲ್ಲಬೇಕು. ಜಠರದಲ್ಲಿರೋದು ಹೈಡ್ರೋಕ್ಲೋರಿಕ್ ಆಮ್ಲ. ದಿನಗಟ್ಟಲೆ ಕಕ್ಕಿದ ಕೂಸು ನೀರಿನ ಜೊತೆ ಆಮ್ಲವನ್ನೂ ಕ್ಲೋರೈಡನ್ನೂ ಕಳ್ಕೊಂಡಿರುತ್ತೆ, ರಕ್ತ ಕ್ಷಾರೀಯ ಆಗಿರುತ್ತೆ. ಅಂಥ ರಕ್ತ ಉಸಿರಾಟವನ್ನೇ ಮಂದ ಮಾಡುತ್ತೆ. ಅದನ್ನ ಸರಿಮಾಡದೆ ಅರಿವಳಿಕೆ ಕೊಟ್ಟರೆ ಆಪರೇಷನ್ ಗೆದ್ದರೂ ಮಗುವಿನ ಉಸಿರು ನಿಲ್ಲಬಹುದು. 1925ರಲ್ಲಿ ಅಮೆರಿಕದ ಜೇಮ್ಸ್ ಗ್ಯಾಂಬಲ್ ಮತ್ತು ರಾಸ್ ಈ ನಷ್ಟದ ಲೆಕ್ಕ ಬಿಡಿಸಿದರು. ಹಾಗಾಗಿ ಈಗ ಆಸ್ಪತ್ರೆಗೆ ಹೋದ ಕೂಡಲೇ ಥಿಯೇಟರಿಗೆ ಒಯ್ಯಲ್ಲ. ಒಂದೆರಡು ದಿನ ಬೇಕಾದರೂ ಡ್ರಿಪ್ಪಲ್ಲಿ ಉಪ್ಪು, ಗ್ಲೂಕೋಸ್, ಪೊಟ್ಯಾಸಿಯಂ ಕೊಟ್ಟು ರಕ್ತ ಹದಕ್ಕೆ ಬಂದಮೇಲೆ ಆಪರೇಷನ್. ಹೊರಗೆ ಕೂತ ಅಪ್ಪ ಅಮ್ಮನಿಗೆ ಇದು ಸುಮ್ಮನೆ ತಡ ಅನ್ನಿಸುತ್ತೆ. ಅದು ತಡ ಅಲ್ಲ, ಅರ್ಧ ಚಿಕಿತ್ಸೆ ಅದೇ.

ಕಾಯಿಲೆ ಗುರುತಿಸೋ ಕೆಲಸ ಬಹುಕಾಲ ಬೆರಳ ತುದಿಯಲ್ಲಿತ್ತು. ಹಾಲು ಕುಡಿಯುತ್ತಾ ಮಗು ಸುಮ್ಮನಾದಾಗ ಹೊಟ್ಟೆಯ ಬಲಭಾಗದ ಮೇಲೆ ಒತ್ತಿ ನೋಡಿದರೆ ಗಟ್ಟಿ ಗಂಟು ಸಿಗುತ್ತೆ. ಪುಸ್ತಕಗಳಲ್ಲಿ ಆಲಿವ್ ಅಂತ ಬರೀತಾರೆ, ನಮಗೆ ಅಡಿಕೆ ಅಂದರೆ ಸಾಕು. 1977ರಲ್ಲಿ ಬಾಸ್ಟನ್ನಿನ ರೀಟಾ ಟೀಲ್ ಮತ್ತು ಸ್ಮಿತ್ ಅಲ್ಟ್ರಾಸೌಂಡಲ್ಲಿ ಅದನ್ನ ತೋರಿಸಿದರು. ಈಗ ಸ್ನಾಯು 3 ಮಿಲಿಮೀಟರ್ ದಾಟಿದೆಯಾ ಅಂತ ಪರದೆ ಮೇಲೆ ಅಳೀತಾರೆ.

ಬದುಕಿದ ಕೂಸುಗಳು ಬೆಳೆದು ಮದುವೆಯಾಗಿ ಮಕ್ಕಳನ್ನ ಹೆತ್ತವು. ಅದರಿಂದಲೇ ಮುಂದಿನ ಪ್ರಶ್ನೆ ಕೇಳೋಕೆ ಸಾಧ್ಯ ಆಯ್ತು. 1960ರ ದಶಕದಲ್ಲಿ ಲಂಡನ್ನಿನ ಸೆಡ್ರಿಕ್ ಕಾರ್ಟರ್ ಅಂಥವರ ಮಕ್ಕಳನ್ನ ಹುಡುಕಿ ಎಣಿಸಿದ. ಈ ಕಾಯಿಲೆ ಹೆಣ್ಣಿಗೆ ಅಪರೂಪ. ಆದರೆ ಅದನ್ನ ದಾಟಿ ಬಂದ ಹೆಣ್ಣು ತಾಯಿಯಾದಾಗ ಅವಳ ಗಂಡುಮಕ್ಕಳಲ್ಲಿ ಸುಮಾರು ಐದಕ್ಕೊಬ್ಬರಿಗೆ ಇದು ಬರ್ತಿತ್ತು, ಕಾಯಿಲೆ ಬಂದಿದ್ದ ಅಪ್ಪಂದಿರ ಗಂಡುಮಕ್ಕಳಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ನಿಮ್ಮ ಹೊಟ್ಟೆಯ ಬಲಗಡೆ ಮಗುವಾಗಿದ್ದಾಗಿನ ಹಳೇ ಗೀಟು ಇದ್ದರೆ ಯಾಕೆ ಅಂತ ಅಮ್ಮನನ್ನ ಕೇಳಿಟ್ಟುಕೊಳ್ಳಿ. ಮುಂದೆ ನಿಮ್ಮ ಮಗು ಮೂರನೇ ವಾರದಲ್ಲಿ ಕಕ್ಕೋಕೆ ಶುರುಮಾಡಿದರೆ ಡಾಕ್ಟರಿಗೆ ಮೊದಲು ಹೇಳಬೇಕಾದ ಮಾತು ಅದು.