ಡೇ ಆಫ್ ದಿ ಡೆಡ್ (1985ರ ಚಲನಚಿತ್ರ)

ಡೇ ಆಫ್ ದಿ ಡೆಡ್ 1985ರಲ್ಲಿ ತೆರೆಕಂಡ ಅಮೆರಿಕದ ಭಯಾನಕ ಚಲನಚಿತ್ರ. ಜಾರ್ಜ್ ಎ. ರೊಮೆರೊ (1940–2017) ಇದರ ಚಿತ್ರಕಥೆಯನ್ನು ರಚಿಸಿ ನಿರ್ದೇಶಿಸಿದ್ದಾರೆ. ನೈಟ್ ಆಫ್ ದಿ ಲಿವಿಂಗ್ ಡೆಡ್ (1968) ಮತ್ತು ಡಾನ್ ಆಫ್ ದಿ ಡೆಡ್ (1978) ಚಿತ್ರಗಳ ನಂತರ ಬಂದ ಸರಣಿಯ ಮೂರನೆಯ ಚಿತ್ರವಿದು. ಸತ್ತವರು ಎದ್ದು ನಡೆದಾಡುವ ಜಗತ್ತಿನಲ್ಲಿ, ಭೂಗತ ನೆಲೆಯೊಂದರಲ್ಲಿ ಉಳಿದುಕೊಂಡ ವಿಜ್ಞಾನಿಗಳು ಮತ್ತು ಸೈನಿಕರ ನಡುವಣ ಕಲಹವೇ ಇದರ ವಸ್ತು. ಜೊಂಬಿಗಳಿಗಿಂತ ಮನುಷ್ಯರೇ ಹೆಚ್ಚು ಅಪಾಯಕಾರಿಗಳೆಂಬ ಆಶಯ ಸರಣಿಯ ಮೊದಲ ಚಿತ್ರದಿಂದಲೂ ಇದ್ದಿತಾದರೂ ಅದು ಕಥೆಯ ಕೇಂದ್ರಕ್ಕೆ ಬಂದದ್ದು ಈ ಚಿತ್ರದಲ್ಲಿ.

ಹಿನ್ನೆಲೆ

ಜೊಂಬಿಯ ಕಲ್ಪನೆ ಮೂಲತಃ ಹೈಟಿಯ ಜನಪದ ನಂಬಿಕೆಗೆ ಸೇರಿದ್ದು. ಅಲ್ಲಿ ಜೊಂಬಿಯೆಂದರೆ ಮಾಂತ್ರಿಕನೊಬ್ಬನ ಆಜ್ಞೆಗೆ ಒಳಪಟ್ಟು ದುಡಿಯುವ ಶವ. ರೊಮೆರೊ ಈ ಕಲ್ಪನೆಯಿಂದ ಮಾಂತ್ರಿಕನನ್ನು ತೆಗೆದುಹಾಕಿದರು. ಅವರ ಚಿತ್ರಗಳಲ್ಲಿ ಸತ್ತವರು ತಾವಾಗಿಯೇ ಏಳುತ್ತಾರೆ, ನಿಧಾನವಾಗಿ ನಡೆಯುತ್ತಾರೆ, ಬದುಕಿರುವವರ ಮಾಂಸವನ್ನು ತಿನ್ನುತ್ತಾರೆ; ಮಿದುಳು ನಾಶವಾದರೆ ಮಾತ್ರ ಕೆಳಗುರುಳುತ್ತಾರೆ.

ಮೊದಲ ಚಿತ್ರದ ಕಥೆ ತೋಟದ ಮನೆಯೊಂದರಲ್ಲಿಯೂ ಎರಡನೆಯದು ಬೃಹತ್ ವ್ಯಾಪಾರ ಮಳಿಗೆಯಲ್ಲಿಯೂ ನಡೆಯುತ್ತದೆ. ಮೂರನೆಯ ಚಿತ್ರದ ವೇಳೆಗೆ ನಾಗರಿಕತೆಯೇ ಕುಸಿದಿದೆ. ಪ್ರತಿ ಚಿತ್ರದಲ್ಲೂ ಪಾತ್ರಗಳು ಬೇರೆ. ಮುಂದುವರಿಯುವುದು ವಿಪತ್ತು ಮಾತ್ರ.

ಕಥಾಸಾರ

ಫ್ಲಾರಿಡಾದ ನೆಲದಡಿಯ ಗಣಿಯೊಂದರಲ್ಲಿ ಹನ್ನೆರಡು ಮಂದಿ ಆಶ್ರಯ ಪಡೆದಿರುತ್ತಾರೆ. ಹೊರಗೆ ಪ್ರತಿಯೊಬ್ಬ ಮನುಷ್ಯನಿಗೆ ಸುಮಾರು 4,00,000 ಜೊಂಬಿಗಳಿರಬಹುದೆಂದು ವಿಜ್ಞಾನಿ ಲೋಗನ್ ಅಂದಾಜು ಮಾಡುತ್ತಾನೆ. ಮೇಲಧಿಕಾರಿಯ ಮರಣಾನಂತರ ಅಧಿಕಾರ ವಹಿಸಿಕೊಂಡ ಕ್ಯಾಪ್ಟನ್ ರೋಡ್ಸ್, ತನ್ನ ಆಜ್ಞೆಯನ್ನು ಮೀರಿದವರನ್ನು ಗುಂಡಿಟ್ಟು ಕೊಲ್ಲುವುದಾಗಿ ಬೆದರಿಸುತ್ತಾನೆ. ವಿಜ್ಞಾನಿ ಸಾರಾ ಈ ಪಿಡುಗಿನ ಕಾರಣವನ್ನು ಅರಸುತ್ತಿರುತ್ತಾಳೆ. ಲೋಗನ್‌ನ ಆಸಕ್ತಿ ಜೊಂಬಿಗಳನ್ನು ಪಳಗಿಸುವುದರಲ್ಲಿ. ಅವನ ಶಿಷ್ಯನಂತಿರುವ 'ಬಬ್' ಎಂಬ ಜೊಂಬಿ ಕ್ಷೌರದ ಕತ್ತಿಯನ್ನು ಗುರುತಿಸುತ್ತದೆ, ಬೇಥೋವನ್‌ನ ಸಂಗೀತಕ್ಕೆ ಕಿವಿಗೊಡುತ್ತದೆ, ರೋಡ್ಸ್‌ನನ್ನು ಕಂಡು ಸೈನಿಕನಂತೆ ವಂದಿಸುತ್ತದೆ.

ಪ್ರಯೋಗಕ್ಕಾಗಿ ಜೊಂಬಿಗಳನ್ನು ಹಿಡಿಯುವಾಗ ಸೈನಿಕರು ಸಾಯುತ್ತಾರೆ. ಸಾರಾಳ ಪ್ರಿಯಕರ ಮಿಗೆಲ್‌ನ ತೋಳಿಗೆ ಕಡಿತವಾದಾಗ ಅವಳು ಆ ತೋಳನ್ನೇ ಕತ್ತರಿಸಿ ಅವನನ್ನು ಉಳಿಸಲು ಯತ್ನಿಸುತ್ತಾಳೆ. ಸತ್ತ ಸೈನಿಕರ ಮಾಂಸವನ್ನೇ ಲೋಗನ್ ಬಬ್‌ಗೆ ಬಹುಮಾನವಾಗಿ ತಿನ್ನಿಸುತ್ತಿದ್ದನೆಂಬುದು ಬಯಲಾದಾಗ ರೋಡ್ಸ್ ಅವನನ್ನು ಕೊಲ್ಲುತ್ತಾನೆ. ತನ್ನನ್ನು ಹೆಲಿಕಾಪ್ಟರಿನಲ್ಲಿ ಕರೆದೊಯ್ಯುವಂತೆ ಚಾಲಕ ಜಾನ್‌ನನ್ನು ಬಲವಂತಪಡಿಸಲು ಇನ್ನೊಬ್ಬ ವಿಜ್ಞಾನಿಯನ್ನೂ ಕೊಂದು, ಸಾರಾಳನ್ನು ಜೊಂಬಿಗಳಿರುವ ಸುರಂಗಕ್ಕೆ ದೂಡಿಸುತ್ತಾನೆ. ಇತ್ತ ಬುದ್ಧಿಯ ಸಮತೋಲ ಕಳೆದುಕೊಂಡ ಮಿಗೆಲ್ ಹೊರಗಿನ ಜೊಂಬಿಗಳನ್ನು ಗಣಿಯೊಳಗೆ ಇಳಿಸುತ್ತಾನೆ. ತನ್ನ ಗುರುವಿನ ಶವವನ್ನು ಕಂಡು ದುಃಖಿಸಿದ ಬಬ್, ಪಿಸ್ತೂಲು ಹಿಡಿದು ರೋಡ್ಸ್‌ನನ್ನು ಬೆನ್ನಟ್ಟಿ ಗುಂಡು ಹಾರಿಸುತ್ತದೆ. ಜೊಂಬಿಗಳು ಅವನನ್ನು ಸೀಳುತ್ತಿರುವಾಗ ವಂದಿಸುತ್ತದೆ. ಸಾರಾ, ಜಾನ್ ಮತ್ತು ರೇಡಿಯೊ ನಿರ್ವಾಹಕ ಮೆಕ್‌ಡರ್ಮಟ್ ದ್ವೀಪವೊಂದನ್ನು ಸೇರಿಕೊಳ್ಳುತ್ತಾರೆ.

ಪ್ರಮುಖ ಪಾತ್ರವರ್ಗ

- ಲೋರಿ ಕಾರ್ಡಿಲ್ – ಸಾರಾ
- ಟೆರಿ ಅಲೆಕ್ಸಾಂಡರ್ – ಜಾನ್
- ಜೋ ಪಿಲಾಟೊ – ಕ್ಯಾಪ್ಟನ್ ರೋಡ್ಸ್
- ರಿಚರ್ಡ್ ಲಿಬರ್ಟಿ – ಲೋಗನ್
- ಶೆರ್ಮನ್ ಹೊವಾರ್ಡ್ – ಬಬ್

ಲೋರಿ ಕಾರ್ಡಿಲ್ ಅವರ ತಂದೆ ಬಿಲ್ ಕಾರ್ಡಿಲ್ 1968ರ ಮೊದಲ ಚಿತ್ರದಲ್ಲಿ ದೂರದರ್ಶನ ವರದಿಗಾರನಾಗಿ ಕಾಣಿಸಿಕೊಂಡಿದ್ದರು.

ನಿರ್ಮಾಣ

ರೊಮೆರೊ ಮೊದಲು ಬರೆದ ಚಿತ್ರಕಥೆ ಇನ್ನೂ ವಿಸ್ತಾರವಾದುದಾಗಿತ್ತು. ವಯೋಮಿತಿಯ ವರ್ಗೀಕರಣಕ್ಕೆ ಒಳಪಡುವಂತೆ ಹಿಂಸೆಯ ದೃಶ್ಯಗಳನ್ನು ತಗ್ಗಿಸಿದ್ದರೆ ಸುಮಾರು 70 ಲಕ್ಷ ಡಾಲರ್ ಬಂಡವಾಳ ದೊರೆಯುತ್ತಿತ್ತು. ಅವರು ಅದಕ್ಕೆ ಒಪ್ಪದೆ ಅರ್ಧದಷ್ಟು ಹಣದಲ್ಲಿ ಕಥೆಯನ್ನು ಕಿರಿದುಗೊಳಿಸಿ ಚಿತ್ರಿಸಿದರು. ಒಳಾಂಗಣ ದೃಶ್ಯಗಳಿಗೆ ಪೆನ್ಸಿಲ್ವೇನಿಯಾದ ವಾಂಪಮ್‌ನಲ್ಲಿರುವ ಹಳೆಯ ಸುಣ್ಣಕಲ್ಲಿನ ಗಣಿಯನ್ನೂ, ಆರಂಭದ ನಿರ್ಜನ ನಗರಕ್ಕೆ ಫ್ಲಾರಿಡಾದ ಫೋರ್ಟ್ ಮೈಯರ್ಸ್ ಪಟ್ಟಣವನ್ನೂ ಬಳಸಲಾಯಿತು. ಟಾಮ್ ಸವೀನಿ ಪ್ರಸಾಧನವನ್ನೂ ಜಾನ್ ಹ್ಯಾರಿಸನ್ ಸಂಗೀತವನ್ನೂ ನಿರ್ವಹಿಸಿದರು. ಸವೀನಿಯವರ ಸಹಾಯಕರಾಗಿದ್ದ ಗ್ರೆಗ್ ನಿಕೊಟೆರೊ ಮುಂದೆ ದಿ ವಾಕಿಂಗ್ ಡೆಡ್ ಧಾರಾವಾಹಿಯಲ್ಲಿ ಪ್ರಸಾಧನ ಮತ್ತು ನಿರ್ದೇಶನಗಳಿಂದ ಹೆಸರಾದರು.

ವಸ್ತು ಮತ್ತು ಆಶಯ

ನೆಲೆಯ ರಕ್ಷಣೆ ಕುಸಿಯುವುದು ಜೊಂಬಿಗಳ ಬಲದಿಂದಲ್ಲ. ಬೇಲಿ ಭದ್ರವಾಗಿಯೇ ಇರುತ್ತದೆ. ಅದನ್ನು ತೆರೆಯುವವನು ಒಳಗಿನ ಮನುಷ್ಯ. ಅದಕ್ಕೂ ಮುನ್ನವೇ ಪರಸ್ಪರ ನಂಬಿಕೆ ಸತ್ತುಹೋಗಿರುತ್ತದೆ. ಸೈನ್ಯವನ್ನು ಕೆಟ್ಟದ್ದೆಂದೂ ವಿಜ್ಞಾನವನ್ನು ಒಳ್ಳೆಯದೆಂದೂ ಚಿತ್ರ ಸರಳವಾಗಿ ವಿಂಗಡಿಸುವುದಿಲ್ಲ. ಸೌಜನ್ಯವನ್ನು ಕಲಿಸಲು ಸಾಧ್ಯವೆಂದು ವಾದಿಸುವ ಲೋಗನ್‌ನೇ ಸಂಗಡಿಗರ ಶವಗಳಿಗೆ ಗೌರವ ತೋರುವುದಿಲ್ಲ. ರೋಡ್ಸ್‌ನ ಕೋಪಕ್ಕೆ ಕಾರಣವಿದೆ, ಆದರೆ ಅವನ ಕ್ರೌರ್ಯಕ್ಕೆ ಸಮರ್ಥನೆಯಿಲ್ಲ.

ಇವರಿಬ್ಬರ ನಡುವೆ ಬಬ್ ನಿಲ್ಲುತ್ತದೆ. ಮನುಷ್ಯರಲ್ಲಿ ಕ್ಷೀಣಿಸುತ್ತಿರುವ ನೆನಪು, ಕೃತಜ್ಞತೆ, ಶೋಕಗಳು ಈ ಶವದಲ್ಲಿ ಚಿಗುರುತ್ತವೆ. ಬಬ್‌ನ ಮೊದಲ ವಂದನೆಗೆ ರೋಡ್ಸ್ ಪ್ರತಿವಂದನೆ ಸಲ್ಲಿಸಲು ನಿರಾಕರಿಸುತ್ತಾನೆ. ಕೊನೆಯ ವಂದನೆ ಅಣಕವಾಗಿ ಪರಿಣಮಿಸುವುದು ಆ ಹಿನ್ನೆಲೆಯಲ್ಲಿಯೇ. ಜನಾಂಗದ ದಾಖಲೆಗಳು, ತೆರಿಗೆ ಪತ್ರಗಳು, ಚಲನಚಿತ್ರಗಳೆಲ್ಲ ಆ ಗಣಿಯಲ್ಲಿಯೇ ಸಂಗ್ರಹವಾಗಿವೆ. ಈಗ ಅವನ್ನು ಓದುವವರೇ ಇಲ್ಲವೆಂದೂ ಹೊಸ ಬದುಕನ್ನು ಬೇರೆಡೆ ಆರಂಭಿಸಬೇಕೆಂದೂ ಜಾನ್ ಸಾರಾಳಿಗೆ ಹೇಳುವ ದೃಶ್ಯ ಚಿತ್ರದ ವಿಚಾರವನ್ನು ಸ್ಪಷ್ಟವಾಗಿ ಹಿಡಿದಿಡುತ್ತದೆ.

ಸ್ವೀಕಾರ ಮತ್ತು ಪ್ರಭಾವ

ಹಿಂದಿನ ಎರಡು ಚಿತ್ರಗಳಿಗೆ ಹೋಲಿಸಿದರೆ ಬಿಡುಗಡೆಯ ಕಾಲದಲ್ಲಿ ಇದಕ್ಕೆ ದೊರೆತ ಸ್ವಾಗತ ನೀರಸವಾಗಿತ್ತು. ಪಾತ್ರಗಳು ಚಿತ್ರದುದ್ದಕ್ಕೂ ಕಿರುಚಾಡುತ್ತವೆಂದು ವಿಮರ್ಶಕ ರೋಜರ್ ಈಬರ್ಟ್ ಆಕ್ಷೇಪಿಸಿದರು. ಪ್ರಸಾಧನ ಕಾರ್ಯಕ್ಕಾಗಿ ಸವೀನಿಯವರಿಗೆ ಸ್ಯಾಟರ್ನ್ ಪ್ರಶಸ್ತಿ ಲಭಿಸಿತು. ವರ್ಷಗಳು ಕಳೆದಂತೆ ಚಿತ್ರದ ಮನ್ನಣೆ ಹೆಚ್ಚಿತು. ಸರಣಿಯ ಮೊದಲ ಮೂರು ಚಿತ್ರಗಳಲ್ಲಿ ಇದೇ ತಮ್ಮ ಅಚ್ಚುಮೆಚ್ಚಿನದೆಂದು ರೊಮೆರೊ ಹೇಳುತ್ತಿದ್ದರು. ಜೊಂಬಿಯೂ ಕಲಿಯಬಲ್ಲದೆಂಬ ಎಳೆಯನ್ನು ಅವರು ಲ್ಯಾಂಡ್ ಆಫ್ ದಿ ಡೆಡ್ (2005) ಚಿತ್ರದಲ್ಲಿ ಮುಂದುವರಿಸಿದರು. ಇದೇ ಕಥಾವಸ್ತುವನ್ನು ಆಧರಿಸಿ 2008 ಮತ್ತು 2018ರಲ್ಲಿ ಬೇರೆ ನಿರ್ದೇಶಕರ ಮರುನಿರ್ಮಾಣಗಳು ಬಂದವು.